ಮಾತ್ರೆ ಕಡಿಮೆ ಮಾಡಿಸಲು ಹೋದದ್ದು

ಡಾಕ್ಟರ ಹತ್ತಿರ ಒಬ್ಬನೇ ಹೋಗಿಬರುವ ಸ್ವಾತಂತ್ರ್ಯ ಈ ದೇಶದ ಪ್ರತಿಯೊಬ್ಬ ಪ್ರಜೆಗೂ ಇದೆ, ನನಗೊಬ್ಬನಿಗೆ ಇಲ್ಲ. ನಮ್ಮ ಮೂಂಟಾ ಊರಿನ ಶಾಲಾ ಮಕ್ಕಳನ್ನೆಲ್ಲ ವರ್ಷಗಟ್ಟಲೆ ಬಸ್ಸಿನಲ್ಲಿ ಹೊತ್ತು, ಒಂದನ್ನೂ ದಾರಿಯಲ್ಲಿ ಕಳೆಯದೆ ಮನೆ ಮುಟ್ಟಿಸಿದವನು ನಾನು. ಆದರೂ ನನ್ನ ಹೆಂಡತಿ ಗ್ಲೆನಿಸ್‌ಗೆ ನನ್ನನ್ನು ಎರಡು ಬೀದಿಯಾಚೆಯ ಕ್ಲಿನಿಕ್ಕಿಗೆ ಒಬ್ಬನೇ ಕಳಿಸುವ ಧೈರ್ಯವಿಲ್ಲ.

"ದಾರಿ ತಪ್ತೀಯ ಅಂತಲ್ಲ ಡೆನ್‌ಜಿಲ್, ಮಾತು ತಪ್ತೀಯ. ಹೇಗಿದೀರಿ ಅಂತ ಡಾಕ್ಟ್ರು ಕೇಳಿದ ತಕ್ಷಣ 'ಫಸ್ಟ್ ಕ್ಲಾಸ್' ಅಂತೀಯ. ಕಾಲು ಕಡಿದು ಕೈಯಲ್ಲಿ ಹಿಡ್ಕೊಂಡು ಹೋಗಿದ್ರೂ ಹಂಗೇ ಅನ್ನೋನು ನೀನು."

ವಿಷಯ ಇಷ್ಟು. ಹೋದ ಚಳಿಗಾಲದಲ್ಲಿ ನನಗೆ ಖಿನ್ನತೆ ಬಂದಿತ್ತು. (ಹೆಸರು ಕೇಳಿದರೆ ಯಾವುದೋ ರಾಜಮನೆತನದ ಕಾಯಿಲೆ ಅನ್ನಿಸುತ್ತದೆ. ಅದರ ವೈಭವ ಬಂದವನಿಗೇ ಗೊತ್ತು.) ಯಾರೂ ಸತ್ತಿರಲಿಲ್ಲ, ಏನೂ ಮುಳುಗಿರಲಿಲ್ಲ. ಒಂದು ಬೆಳಿಗ್ಗೆ ಕಡಲ ಜೆಟ್ಟಿಗೆ ಹೋಗಿ ಗಾಳಕ್ಕೆ ಬೊಂಡಾಸ್ ಮೀನು ಹಿಡಿಯೋಣ ಅಂತ ಹಿತ್ತಲ ಮೆಟ್ಟಿಲ ಮೇಲೆ ಕೂತು ಒಂದು ಬೂಟು ಹಾಕಿದೆ. ಇನ್ನೊಂದನ್ನು ಹಾಕಲಾಗಲಿಲ್ಲ. ಕೈ ನೋವಿರಲಿಲ್ಲ, ಸೊಂಟ ಹಿಡಿದಿರಲಿಲ್ಲ. ಯಾಕೆ ಹಾಕಬೇಕು ಅನ್ನುವುದೇ ಮರೆತುಹೋಗಿತ್ತು. ಮಧ್ಯಾಹ್ನ ಗ್ಲೆನಿಸ್ ಬಂದು ನೋಡಿದಾಗಲೂ ಹಾಗೇ ಕೂತಿದ್ದೆ. ಅವಳು ಒಂದು ಮಾತೂ ಬೈಯಲಿಲ್ಲ. (ಪರಿಸ್ಥಿತಿ ಗಂಭೀರ ಅಂತ ನನಗೆ ಆಗಲೇ ಅರ್ಥವಾಗಬೇಕಿತ್ತು.) ಮಂಡಿಯೂರಿ ಎರಡನೇ ಬೂಟನ್ನು ತಾನೇ ಹಾಕಿ, ಲೇಸು ಕಟ್ಟಿ, ಕಾರಿನಲ್ಲಿ ಕೂರಿಸಿಕೊಂಡು ಡಾಕ್ಟರ್ ಫೊನುವಾ ಹತ್ತಿರ ಕರೆದೊಯ್ದಳು.

ಡಾಕ್ಟರ್ ಫೊನುವಾ ಟೋಂಗಾ ದ್ವೀಪದ ಹೆಣ್ಣುಮಗಳು. ಬಾಗಿಲು ತುಂಬುವ ಆಳು. ದನಿ ಮಾತ್ರ ತೊಟ್ಟಿಲ ಮಗು ಏಳದಷ್ಟು ಮೆತ್ತಗೆ. ಅವರು ಕೊಟ್ಟ ಮಾತ್ರೆ ನುಂಗುತ್ತಾ ನುಂಗುತ್ತಾ ನಾನೇ ಬೂಟು ಹಾಕಿಕೊಳ್ಳುವಂತಾದೆ, ಬೌಲ್ಸ್ ಕ್ಲಬ್ಬಿಗೂ ಹೋಗುವಂತಾದೆ. ತೊಂದರೆ ಒಂದೇ: ತೂಕಡಿಕೆ. ಅಲ್ಲಿ ಹುಲ್ಲಿನ ಮೇಲೆ ಚೆಂಡು ಉರುಳಿಸಿದರೆ, ಅದು ಹೋಗಿ ನಿಲ್ಲುವಷ್ಟರಲ್ಲಿ ನಾನು ನಿಂತಲ್ಲೇ ಗೊರಕೆ. ಆಗ ಹೊಳೆದದ್ದೇ ಈ ಅಮೋಘ ಉಪಾಯ: ಡಾಕ್ಟರನ್ನು ಕಂಡು ಮಾತ್ರೆಯನ್ನು ಅರ್ಧ ಮಾಡಿಸುವುದು, ನಿಧಾನಕ್ಕೆ ಆ ಅರ್ಧಕ್ಕೂ ಮಂಗಳ ಹಾಡುವುದು.

"ಹೇಗಿದೀರಿ ಡೆನ್‌ಜಿಲ್?" ಅಂದರು ಡಾಕ್ಟರ್.

"ಫಸ್ಟ್ ಕ್ಲಾಸ್," ಅಂದೆ.

ಪಕ್ಕದಲ್ಲಿ ಗ್ಲೆನಿಸ್ ಕೆಮ್ಮಿದಳು. "ಡಾಕ್ಟ್ರೇ, ಇವನು ನನ್ನ ಜೊತೆ ಜಗಳ ಆಡ್ತಿಲ್ಲ."

ನಾನು ಬೆಚ್ಚಿಬಿದ್ದೆ. ಇದೂ ಒಂದು ದೂರೇ? ಬೇರೆ ಮನೆಗಳಲ್ಲಿ ಇಂಥ ಗಂಡನಿಗೆ ಪದಕ ಕೊಡುತ್ತಾರೆ.

"ನಮ್ಮನೇಲಿ ಪ್ಯಾಸ್ಟಿ ಮಾಡಿದಾಗೆಲ್ಲ ಯುದ್ಧ," ಅವಳು ಮುಂದುವರಿಸಿದಳು. "ಮಾಂಸ, ಆಲೂಗಡ್ಡೆ, ಈರುಳ್ಳಿ ಬಿಟ್ರೆ ಬೇರೆ ಏನಾದ್ರೂ ಹಿಟ್ಟಿನೊಳಗೆ ತುಂಬಿದ್ರೆ ಇವನ ತಾತ ಗೋರಿಯಿಂದ ಎದ್ದು ಬರ್ತಾನಂತೆ. ಹೋದ ವಾರ ಬೇಕಂತಲೇ ಕ್ಯಾರೆಟ್ ತುಂಬಿ ಕೊಟ್ಟೆ. ತಿಂದ. 'ಚೆನ್ನಾಗಿದೆ' ಅಂದ! ಅದು ಚೆನ್ನಾಗಿರಲಿಲ್ಲ ಡಾಕ್ಟ್ರೇ." ಅವಳ ದನಿ ಇದ್ದಕ್ಕಿದ್ದಂತೆ ಒಡೆಯಿತು. "ಎದುರಿಗೇ ಕೂತಿರ್ತಾನೆ. ಆದ್ರೆ ಮನೇಲಿರಲ್ಲ."

ಹೂಂಗುಟ್ಟುವುದು ನಾನು ಅವಳಿಗೆ ಮಾಡುತ್ತಿದ್ದ ಉಪಕಾರ ಅಂತ ಅಲ್ಲಿಯವರೆಗೂ ತಿಳಿದಿದ್ದೆ.

ಡಾಕ್ಟರ್ ನನ್ನ ಕಡೆ ತಿರುಗಿದರು. "ಆ ಕ್ಯಾರೆಟ್ ರುಚಿ ಗೊತ್ತಾಯ್ತಾ ನಿಮಗೆ?"

ಫಸ್ಟ್ ಕ್ಲಾಸ್ ಅನ್ನಬೇಕೆಂದಿದ್ದೆ. "ಇಲ್ಲ," ಅಂದೆ. "ಯಾವುದರದ್ದೂ ಗೊತ್ತಾಗಲ್ಲ."

ಗ್ಲೆನಿಸ್ ತನ್ನ ಚೀಲದಲ್ಲಿ ಇಲ್ಲದ ಏನನ್ನೋ ಹುಡುಕಿದಳು.

ಕೊನೆಗೆ ತೀರ್ಪು ಬಂತು. ಮಾತ್ರೆ ಅರ್ಧ ಕೆಲಸ ಮಾಡಿದೆ. ಅರ್ಧಕ್ಕೇ ಬಿಡುವುದು ಬೇಡ, ಪ್ರಮಾಣ ಸ್ವಲ್ಪ ಏರಿಸೋಣ. ತೂಕಡಿಕೆಗೆ ಬೆಳಿಗ್ಗೆಯ ಬದಲು ಮಲಗುವ ಮುಂಚೆ ನುಂಗಿ. ಆಗಾಗ ಬಂದು ಕಾಣಿಸಿಕೊಳ್ಳಿ. ನಿಮ್ಮಷ್ಟಕ್ಕೆ ನೀವೇ ಯಾವತ್ತೂ ನಿಲ್ಲಿಸಬೇಡಿ. ಭಿನ್ನಾಭಿಪ್ರಾಯ ನಿಂತುಹೋದದ್ದೇ ಖಿನ್ನಾಭಿಪ್ರಾಯಕ್ಕೆ ಗುರುತಂತೆ! ಕಡಿಮೆ ಮಾಡಿಸಲು ಹೋದವನು ಜಾಸ್ತಿ ಮಾಡಿಸಿಕೊಂಡು ಏಳುವುದರಲ್ಲಿದ್ದೆ.

"ಕೂತ್ಕೊಳಿ, ಹೇಗೂ ಬಂದಿದೀರಿ," ಅಂದರು ಡಾಕ್ಟರ್.

ಈ 'ಹೇಗೂ ಬಂದಿದೀರಿ' ಅನ್ನುವ ಮಾತಿದೆಯಲ್ಲ, ಅದಕ್ಕಿಂತ ಭಯಂಕರವಾದ ಮಾತು ವೈದ್ಯಶಾಸ್ತ್ರದಲ್ಲಿಲ್ಲ. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. ಸಕ್ಕರೆ, ಕೊಬ್ಬು ಅಂತ ರಕ್ತ ತೆಗೆಸಿದರು. ಅಂಗಿ ಬಿಚ್ಚಿಸಿ ಬಿಸಿಲು ತಿಂದ ಬೆನ್ನಿನ ಮಚ್ಚೆಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಆಮೇಲೆ ಕೇಳಿದರು, "ಕರುಳಿನ ತಪಾಸಣೆಗೆ ಸರ್ಕಾರದಿಂದ ಅಂಚೆಯಲ್ಲಿ ಡಬ್ಬಿ ಬಂದಿರ್ಬೇಕಲ್ಲ, ಮಲದ ಸ್ಯಾಂಪಲ್ ತುಂಬಿ ಕಳಿಸಿದ್ರಾ?"

"ಕಳಿಸಿದ ಹಾಗಿದೆ..."

"ಚಿಕ್ಕಚಿಕ್ಕ ಪ್ಲಾಸ್ಟಿಕ್ ನಳಿಕೆ ಇರೋ ಡಬ್ಬೀನಾ?" ಗ್ಲೆನಿಸ್ ಕಣ್ಣರಳಿಸಿದಳು. "ಅಯ್ಯೋ ಡಾಕ್ಟ್ರೇ, ಅದ್ರಲ್ಲಿ ಇವನು ಗಾಳದ ಕೊಕ್ಕೆ ಇಟ್ಕೊಂಡಿದಾನೆ!"

"ಮುಚ್ಚಳ ತುಂಬಾ ಬಿಗಿ ಇದೆ ಕಣೇ, ತುಕ್ಕು ಹಿಡಿಯಲ್ಲ."

ಡಾಕ್ಟರ್ ಫೊನುವಾ ಕಿಟಕಿಯ ಕಡೆ ಮುಖ ತಿರುಗಿಸಿದರು. ಭುಜ ಮಾತ್ರ ಕುಲುಕುತ್ತಿತ್ತು. ಆಮೇಲೆ ಕಣ್ಣೊರೆಸಿಕೊಂಡು ಹೊಸ ಡಬ್ಬಿಯೊಂದನ್ನು ಕೊಟ್ಟರು, ನನ್ನ ಕೈಗಲ್ಲ, ಗ್ಲೆನಿಸ್ ಕೈಗೆ.

ಆ ಮಹಾಪರೀಕ್ಷೆಯನ್ನು (ಅಕ್ಷರ ಸ್ವಲ್ಪ ಆಚೀಚೆಯಾದರೂ ಅರ್ಥ ಕೆಡುವುದಿಲ್ಲ) ನಾನು ಹೇಗೆ ಪೂರೈಸಿದೆ ಅನ್ನುವುದನ್ನು ವರ್ಣಿಸಲಾರೆ. ಅಂಚೆಗೆ ಹಾಕುವವರೆಗೆ ಅದನ್ನು ಫ್ರಿಜ್ಜಿನಲ್ಲಿಡಬೇಕು ಅಂತ ಓದಿದಾಗ ಮನೆಯಲ್ಲಿ ನಡೆದ ಸಂವಾದವನ್ನಂತೂ ವರ್ಣಿಸಲೇಕೂಡದು.

ಕೆಲವು ದಿನಗಳಾದ ಮೇಲೆ ಡಾಕ್ಟರೇ ಫೋನ್ ಮಾಡಿದರು. ಸ್ಯಾಂಪಲ್‌ನಲ್ಲಿ ರಕ್ತದ ಅಂಶ ಕಂಡಿದೆ. ಏನೂ ಇಲ್ಲದಿರಬಹುದು, ಆದರೂ ಹಿಂದಿನಿಂದ ಕರುಳಿನೊಳಗೆ ಕೊಳವೆ ತೂರಿಸಿ ನೋಡಿಬಿಡುವುದು ಒಳ್ಳೆಯದು ಅಂದರು.

ಫೋನ್ ಇಟ್ಟವನು ಸುಮ್ಮನೆ ಅಡುಗೆಮನೆಯಲ್ಲಿ ನಿಂತೆ. ಚಳಿಗಾಲದಲ್ಲಿ ಇದೇ ಸುದ್ದಿ ಬಂದಿದ್ದರೆ 'ಬರಲಿ ಬಿಡು' ಅಂದುಬಿಡುತ್ತಿದ್ದೆ. ಈಗ ಹಾಗನ್ನಿಸಲಿಲ್ಲ. ಬೇಸಿಗೆಗೆ ಜೆಟ್ಟಿಗೆ ಹೋಗಬೇಕು ಅನ್ನಿಸಿತು. ಗ್ಲೆನಿಸ್ ಜೊತೆ ಇನ್ನೂ ಬೇಕಾದಷ್ಟು ಊಟ ಬಾಕಿಯಿದೆ ಅನ್ನಿಸಿತು. ಆವತ್ತೇ ಕ್ಲಿನಿಕ್ಕಿಗೆ ಹೋಗಿ, "ಡಾಕ್ಟ್ರೇ, ನಂಗೆ ತುಂಬಾ ಭಯ ಆಗ್ತಿದೆ," ಅಂದೆ.

"ಒಳ್ಳೇದಾಯ್ತು," ಅಂದರು ಆ ಪುಣ್ಯಾತ್ಗಿತ್ತಿ. ನನ್ನ ಎರಡೂ ಕೈ ಹಿಡಿದುಕೊಂಡು, "ಬದುಕಬೇಕು ಅನ್ನೋರಿಗೆ ಮಾತ್ರ ಭಯ ಆಗೋದು ಡೆನ್‌ಜಿಲ್. ಮಾತ್ರೆ ಕೆಲಸ ಮಾಡ್ತಿದೆ," ಅಂದರು.

ಪಕ್ಕದೂರಿನ ಆಸ್ಪತ್ರೆಯಲ್ಲಿ ಮಂಪರು ಕೊಟ್ಟು ಕೊಳವೆ ತೂರಿಸಿದರು. ಅರೆ ಎಚ್ಚರವಾದಾಗ ಎಲ್ಲವೂ ಮೋಡದ ಮೇಲಿದ್ದ ಹಾಗಿತ್ತು. ಯಾರೋ ನನ್ನ ಕೈ ಹಿಡಿದಿದ್ದರು. ಕಣ್ಣು ಮುಚ್ಚಿಕೊಂಡೇ, ಇಷ್ಟು ವರ್ಷ ಹೇಳದೆ ಉಳಿಸಿದ್ದನ್ನೆಲ್ಲ ಹೇಳಿಬಿಟ್ಟೆ. "ನೀನಿಲ್ದಿದ್ರೆ ನಾನು ಆ ಮೆಟ್ಟಿಲ ಮೇಲೇ ಇರ್ತಿದ್ದೆ. ನಾನು ಬದುಕಿರೋದು ನಿನ್ನಿಂದ. ಒಂದು ದಿನಾನೂ ಹೇಳ್ಲಿಲ್ಲ ನಾನು, ಮೂರ್ಖ. ನಿನ್ನ ಕೈ ಇನ್ನೂ ಎಷ್ಟು ಮೆತ್ತಗಿದೆ ಬಂಗಾರಾ..."

"ಕ್ರೀಮ್ ಹಚ್ತೀನಿ ಸಾರ್," ಅಂತು ಒಂದು ಗಡಸು ದನಿ.

ಕಣ್ಣು ಬಿಟ್ಟೆ. ಎದೆ ಮಟ್ಟ ಗಡ್ಡ ಬಿಟ್ಟ, ಒನಕೆಯಂಥ ತೋಳಿನ ನರ್ಸ್ ಬ್ರೆಂಟನ್, ನನ್ನ ನಾಡಿ ಎಣಿಸುತ್ತಿದ್ದ. ಅವನ ಕಣ್ಣೂ ಒದ್ದೆಯಾಗಿತ್ತು. "ಎರಡು ಚಿಕ್ಕ ಗಂಟು ಸಿಕ್ಕಿತ್ತು ಸಾರ್, ಕೆಟ್ಟದ್ದಾಗೋ ಮುಂಚೇನೇ ಕಿತ್ತು ಬಿಸಾಕಿದಾರೆ. ನೀವೇನೂ ಯೋಚನೆ ಮಾಡ್ಬೇಡಿ. ನಿಮ್ಮ ಮೇಡಂ ಕ್ಯಾಂಟೀನಲ್ಲಿದಾರೆ, ಕರೀತೀನಿ. ಅಷ್ಟರಲ್ಲಿ ದಯವಿಟ್ಟು ಪ್ಯಾಂಟ್ ಹಾಕ್ಕೊಳಿ."

ಗ್ಲೆನಿಸ್ ಬಂದಳು. ತುಟಿಯ ಮೇಲೆ ಕೇಕಿನ ಪುಡಿ ಇನ್ನೂ ಇತ್ತು. ಬ್ರೆಂಟನ್ ದಾರಿಯಲ್ಲೇ ಅವಳ ಕಿವಿಗೆ ಊದಿದ್ದ ಅಂತ ಕಾಣುತ್ತದೆ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, "ಏನೋ ಹೇಳೋದಿದೆಯಂತೆ ನಂಗೆ?" ಅಂದಳು.

ಮಂಪರಿನಲ್ಲಿ ನದಿಯಂತೆ ಹರಿದ ಮಾತು ಎಚ್ಚರದಲ್ಲಿ ನಲ್ಲಿಯ ಹನಿಯಾಯಿತು. ಹೇಗೋ ಪಿಸುಗುಟ್ಟಿದೆ, "ನಾನು ಬದುಕಿರೋದು ನಿನ್ನಿಂದ ಕಣೇ."

"ಏನಂದೆ? ಕೇಳಿಸ್ಲಿಲ್ಲ."

ಸ್ವಲ್ಪ ಜೋರಾಗಿ ಅಂದೆ.

"ಈ ಯಂತ್ರಗಳ ಸದ್ದಲ್ಲಿ ಒಂದೂ ತಿಳಿಯಲ್ಲ. ಏನಂದೆ?"

ಪಕ್ಕದ ಮಂಚದ ಪರದೆ ಅರ್ಧ ಸರಿದಿತ್ತು. ಅಲ್ಲಿಂದ ಯಾವುದೋ ಮುದುಕನ ದನಿ ಬಂತು: "ಮಾರಾಯಾ, ಆಯಮ್ಮನಿಗೆ ಮೊದಲ್ನೇ ಸಲಾನೇ ಕೇಳಿಸಿದೆ. ನಂಗಿಲ್ಲಿಂದ ಅವರ ಮುಖ ಕಾಣ್ತಿದೆ."

ನಾನು ಮೂರನೇ ಸಲವೂ ಹೇಳಿದೆ.