ಖಾಲಿ ಬೆಂಚುಗಳ ಕಂಡಕ್ಟರ್

ನನ್ನ ಸೋದರಮಾವ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿ ಹನ್ನೊಂದು ವರ್ಷವಾಯಿತು. ಈ ಸುದ್ದಿ ಊರಿಗೆಲ್ಲ ಗೊತ್ತು, ಪಿಂಚಣಿ ಕೊಡುವವರಿಗೆ ಗೊತ್ತು, ಅವರೊಬ್ಬರಿಗೆ ಮಾತ್ರ ಇನ್ನೂ ಮುಟ್ಟಿಲ್ಲ!

ನಂಬಿಕೆ ಬರದಿದ್ದರೆ ಒಮ್ಮೆ ಯಲಬುರ್ಗಾದ ಅವರ ಮನೆಗೆ ಊಟಕ್ಕೆ ಹೋಗಿ ನೋಡಿ. ಸಾಲಾಗಿ ಕೂತವರ ನಡುವೆ ಒಂದು ಗೇಣು ಜಾಗ ಉಳಿದರೂ ಸಾಕು, "ಸ್ವಲ್ಪ ಸರೀರಿ, ಮೂರು ಮಂದಿ ಕುಂಡರೂ ಜಗಾ ಇದು" ಎನ್ನುತ್ತಾರೆ. ರೊಟ್ಟಿ ಬಡಿಸಿದ ಮೇಲೆ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನಡೆದು, "ಯಾರರ ಉಳದೀರೇನ್ರಿ?" ಎಂದು ಕೇಳುತ್ತಾರೆ. ಕಿವಿಯ ಮೇಲೆ ಪೆನ್ನು ಇದ್ದೇ ಇರುತ್ತದೆ. ಬರೆಯುವುದಕ್ಕೆ ಏನೂ ಇಲ್ಲ, ಆದರೂ ಪೆನ್ನು ಬೇಕು. "ಮಲಗೂ ಮುಂದರ ತಗೀರಿ" ಎಂದು ನಮ್ಮ ಅತ್ತೆ ಬದುಕಿದ್ದಷ್ಟು ದಿನ ಗೊಣಗಿದರು. ಅತ್ತೆ ಹೋದರು, ಪೆನ್ನು ಉಳಿಯಿತು.

ನಾವು ಕ್ರೈಸ್ತರು. ಯಲಬುರ್ಗಾದಲ್ಲಿ ನಮ್ಮ ಸಭೆಗೆ ಸೇರಿದ ಮನೆಗಳನ್ನು ಎಣಿಸಿದರೆ ಕೈಬೆರಳುಗಳೇ ಹೆಚ್ಚಾಗುತ್ತವೆ. ಆರು ಬೆಂಚಿನ ಒಂದು ಪುಟ್ಟ ಪ್ರಾರ್ಥನಾ ಮಂದಿರವಿದೆ. ಓಣಿಯವರ ಬಾಯಲ್ಲಿ ಅದು ಯೇಸಪ್ಪನ ಗುಡಿ. ಪಾದ್ರಿಗಳು ತಿಂಗಳಿಗೊಮ್ಮೆ ಕೊಪ್ಪಳದಿಂದ ಬರುತ್ತಾರೆ. ಮಿಕ್ಕ ಭಾನುವಾರಗಳೆಲ್ಲ ಮಾಮಾ ಅವರ ಪಾಲು. ಕೀಲಿ ಅವರದು, ಕಸಬರಿಗೆ ಅವರದು, ಗಂಟೆ ಅವರದು, ಪ್ರಾರ್ಥನೆಯೂ ಅವರದೇ.

ಕ್ರಿಸ್‌ಮಸ್ ದಿನ ಅವರನ್ನು ನೋಡಬೇಕು! ಕುಷ್ಟಗಿ, ಗಂಗಾವತಿ, ಅಳವಂಡಿಯಿಂದೆಲ್ಲ ಬೀಗರು ಬಿಜ್ಜರು ಬಂದು ಆರು ಬೆಂಚಿನ ಗುಡಿಯಲ್ಲಿ ಉಸಿರಾಡಲು ಜಾಗವಿರುವುದಿಲ್ಲ. ಮಾಮಾ ಬಾಗಿಲ ಚೌಕಟ್ಟು ಹಿಡಿದು ನಿಂತು, "ಒಳಗ ಸರೀರಿ, ಬಾಗಲದಾಗ ನಿಂದರಬ್ಯಾಡ್ರಿ, ಮುಂದ ಭಾಳ ಜಗಾ ಐತಿ" ಎನ್ನುತ್ತಲೇ ಇರುತ್ತಾರೆ. ಈ ಸಲ ಒಬ್ಬ ಮುದುಕಿ, "ನಾ ಪ್ರಾರ್ಥನಾಕ ಬಂದೀನೋ ಯಪ್ಪಾ, ಕುಷ್ಟಗಿಗೆ ಹೊಂಟಿಲ್ಲ" ಎಂದಳು. ಮಾಮಾ ಬಿಡಲಿಲ್ಲ. "ಎಲ್ಲಿಗೆ ಹೊಂಟ್ರೂ ಮುಂದ ಸರೀಬೇಕವ್ವಾ" ಎಂದರು. ಪಾದ್ರಿಗಳ ಪ್ರಸಂಗ, ಅಂದರೆ ಉಪದೇಶ, ಸ್ವಲ್ಪ ಉದ್ದವಾದಾಗ ಎದುರಿಗೆ ನಿಂತು ಕೈಗಡಿಯಾರ ತೋರಿಸಿದರು. ಪಾಪ, ಪಾದ್ರಿಗಳು ಕೂಸು ಯೇಸುವನ್ನು ನೋಡಲು ಹೊರಟ ಕುರುಬರನ್ನು ಹೊಲದಲ್ಲೇ ಬಿಟ್ಟು ಆಮೆನ್ ಹೇಳಿಬಿಟ್ಟರು.

ಹಬ್ಬ ಮುಗಿದ ಮೇಲಿನ ಕತೆ ಬೇರೆ. ಬಂದವರು ಬಂದ ದಾರಿ ಹಿಡಿಯುತ್ತಾರೆ. ಊರಿನವರಿಗೆ ಭಾನುವಾರವೆಂದರೆ ಬಟ್ಟೆ ಒಗೆಯುವುದು, ಕೂಲಿಗೆ ಹೋಗುವುದು, ನೆಗಡಿ. ಜನವರಿಯ ಮೊದಲ ಭಾನುವಾರ ಗುಡಿಗೆ ಒಂದು ನರಪಿಳ್ಳೆಯೂ ಬರಲಿಲ್ಲವಂತೆ. ಇದನ್ನು ನನಗೆ ಫೋನ್ ಮಾಡಿ ಹೇಳಿದವರು ಗುಡಿಯ ಎದುರಿಗೆ ಅಂಗಡಿ ಇಟ್ಟಿರುವ ಟೇಲರ್ ಚಾಚಾ.

"ಅಲ್ರಿ, ನಿಮ್ಮ ಮಾಮಾಗ ಏನಾಗೇತ್ರಿ? ಒಳಗ ಒಬ್ರ ಅದಾರ. 'ಎಲ್ಲರೂ ಎದ್ದು ನಿಲ್ರಿ' ಅಂತಾರ, ಆಮ್ಯಾಲ 'ಎಲ್ಲರೂ ಕುಂಡರ್ರಿ' ಅಂತಾರ. ಎಷ್ಟು ಜೋರ್ ಹೇಳಿದ್ರಂದ್ರ, ಮಶೀನಿನ ಮುಂದ ಕುಂತಿದ್ದ ನಾನೂ ಎದ್ದು ನಿಂತೆ."

ಸುದ್ದಿ ಕೊಪ್ಪಳದ ಹಿರಿಯರಿಗೂ ಮುಟ್ಟಿತು. ಅವರು ಅದೇ ಊರಿನಲ್ಲಿರುವ ನನ್ನನ್ನು ಕರೆದು, ಇನ್ನು ಮೇಲೆ ಆ ಗುಡಿಯನ್ನು ಹಬ್ಬಗಳಿಗಷ್ಟೇ ತೆರೆದರೆ ಸಾಕು, ಮಿಕ್ಕ ದಿನ ಕೀಲಿ ಹಾಕಿರಲಿ, ಒಬ್ಬರೇ ಹಾಗೆ ಮಾತಾಡಿಕೊಂಡರೆ ಜನ ನಗುತ್ತಾರೆ ಎಂದರು. "ನೀವು ಅಳಿಯ ಅದೀರಿ, ನಿಮ್ಮ ಮಾತು ಕೇಳ್ತಾರ. ಹೋಗಿ ಹೇಳ್ರಿ" ಎಂದು ಕೆಲಸ ಒಪ್ಪಿಸಿದರು. ಮಾಮಾ ಯಾರ ಮಾತಾದರೂ ಕೇಳಿದ್ದನ್ನು ನಾನಂತೂ ಕಂಡಿಲ್ಲ. ಆದರೂ ಒಪ್ಪಿದೆ.

ಒಪ್ಪಿದ್ದಕ್ಕೆ ನಿಜವಾದ ಕಾರಣ ಬೇರೆಯೇ ಇತ್ತು. ನನ್ನ ಹೆಂಡತಿ ತೀರಿಕೊಂಡ ಮೇಲೆ ಬಂದ ಮೊದಲ ಕ್ರಿಸ್‌ಮಸ್ ಅದು. ಮಗಳು ಅಳಿಯ ಗಂಗಾವತಿಯಿಂದ ಬಂದು ನಾಲ್ಕು ದಿನ ಇದ್ದು, ಒಂದು ಡಬ್ಬಿ ಚಕ್ಕುಲಿ ಇಟ್ಟು ಹೋಗಿದ್ದರು. ಖಾಲಿ ಮನೆಯಲ್ಲಿ ಒಬ್ಬನೇ ಕೂತು ಚಕ್ಕುಲಿ ತಿಂದಿದ್ದೀರಾ? ತಿನ್ನಬೇಡಿ. ಒಂದು ತುಂಡು ಕಡಿದರೆ ಅಡುಗೆಮನೆಯವರೆಗೆ ಸದ್ದು ಹೋಗುತ್ತದೆ, ಯಾರು ಅದು ಎಂದು ಕೇಳುವವರಿಲ್ಲ. ಹಬ್ಬದ ನಂತರ ನಾನು ಕೊಪ್ಪಳದ ನಮ್ಮ ಗುಡಿಯ ಕಡೆಯೂ ತಲೆ ಹಾಕಿರಲಿಲ್ಲ. ಅವಳು ಕೂರುತ್ತಿದ್ದ ಜಾಗವನ್ನು ನೋಡುವ ಶಕ್ತಿ ನನಗಿರಲಿಲ್ಲ. ಮನೆಯಿಂದ ಹೊರಬೀಳಲು ಏನಾದರೊಂದು ನೆವ ಬೇಕಿತ್ತು.

ಎರಡನೆಯ ಭಾನುವಾರ ಬೆಳಗಿನ ಬಸ್ಸಿಗೆ ಹೋದೆ. ಮಾಮಾ ಬೆಂಚು ಒರೆಸುತ್ತಿದ್ದರು. ಆರಕ್ಕೆ ಆರನ್ನೂ!

"ಕೀಲಿ ಹಾಕ್ರಿ ಅಂತ ಹೇಳಾಕ ಬಂದೀಯಲ್ಲ ಅಳಿಯಾ?" ಎಂದರು, ತಲೆ ಎತ್ತದೆ. "ಆರಾಧನಾ ಮುಗದಿಂದ ಹೇಳು. ಈಗ ಟೈಮ್ ಆತು."

"ಮಾಮಾ, ಯಾರೂ ಬಂದಿಲ್ಲಲ್ರಿ."

"ಸೀಟ್ ಖಾಲಿ ಅದಾವಂತ ಬಸ್ ಸ್ಟ್ಯಾಂಡಿನ್ಯಾಗ ನಿಂದರತೈತೇನು? ಒಮ್ಮೆ ಹಿಂಗ ಆಗಿತ್ತು. ಮುಂಜಾನಿ ಗಾಡಿಗೆ ಒಬ್ಬರೂ ಇಲ್ಲ. ಡ್ರೈವರ್ ಬ್ಯಾಡ ಅಂದ, ನಾ ಹೊಂಡಿಸಿದೆ. ಒಂಬತ್ತು ಹಳ್ಳಿ ದಾಟಿದ್ವಿ, ಒಂದು ನಾಯಿನೂ ಕೈ ಮಾಡಲಿಲ್ಲ. ಹತ್ತನೇದರಾಗ ಒಬ್ಬ ಮುದುಕಿ ಹತ್ತಿ, ತಡಾ ಯಾಕ ಮಾಡಿದ್ರಿ ಅಂತ ನಮ್ಮಿಬ್ಬರಿಗೂ ಬಾಯಿಗೆ ಬಂದಂಗ ಬೈದ್ಲು. ಗಾಡಿ ಹೋಗದಿದ್ರ ಪಾಪ ಅಕಿ ಯಾರನ್ನ ಬೈಬೇಕಿತ್ತು?"

"ಒಬ್ಬರಿಗೇ ಬ್ಯಾಸರ ಆಗಂಗಿಲ್ಲೇನ್ರಿ?" ಎಂದಷ್ಟೇ ಕೇಳಿದೆ.

ಮಾಮಾ ಬಟ್ಟೆ ಹಿಂಡಿ ಕಿಟಕಿಯ ಮೇಲೆ ಹರವಿದರು. "ಹಬ್ಬದ ದಿನ ಬ್ಯಾಸರ ಆಗತೈತಿ. ಮೊಂಬತ್ತಿ ಎಲ್ಲಿ, ಚಾ ಎಲ್ಲಿ, ನನ್ನ ಚಪ್ಪಲಿ ಯಾರು ಮೆಟಗೊಂಡು ಹೋದ್ರು, ಇದರಾಗ ದೇವರ ಕೂಡ ಒಂದು ಮಾತು ಆಡಾಕ ಆಗೂದಿಲ್ಲ. ಅವನೂ ಬೀಗರ ಮನಿಗೆ ಬಂದವರಂಗ ಬಿಗದು ಕುಂತಿರತಾನ. ಜನವರಿಯಾಗ ಇಬ್ಬರಿಗೂ ಪುರಸೊತ್ತು. ಅವ ಆರಾಮ ಕುಂಡರತಾನ, ನಾನೂ ಆರಾಮ ಕುಂಡರತೀನಿ. ಬೇಡೂದೂ ಏನಿರೂದಿಲ್ಲ. ಛಲೋ ಅನಸತೈತಿ."

ಈ ಮಾತನ್ನು ಹೇಳಿದ ಮುಖ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ? ಇಬ್ಬರದೂ ಖಾಲಿ ಮನೆಯೇ. ಅವರಿಗೆ ಸಿಕ್ಕಿದ್ದು ನನಗೆ ಸಿಕ್ಕಿರಲಿಲ್ಲ.

ಸರಿಯಾಗಿ ಒಂಬತ್ತಕ್ಕೆ ಗಂಟೆ ಹೊಡೆದರು. ನಾನು ಕೊನೆಯ ಬೆಂಚಿನಲ್ಲಿ ಕೂತೆ. "ಮುಂದ ಬರ್ರಿ" ಎಂದರು, ಬಹುವಚನದಲ್ಲಿ. ಹೋದೆ. "ಎಲ್ಲರೂ ಎದ್ದು ನಿಲ್ರಿ." ಎಲ್ಲರೂ, ಅಂದರೆ ನಾನು, ಎದ್ದು ನಿಂತೆ. ನಮ್ಮಲ್ಲಿ ಗಂಡಸರು ಒಂದು ಚರಣ, ಹೆಣ್ಣುಮಕ್ಕಳು ಒಂದು ಚರಣ ಹಾಡುವ ರೂಢಿಯಿದೆ. ಮಾಮಾ ನನ್ನತ್ತ ಬಗ್ಗಿ, "ಇವತ್ತ ಗಂಡಸರದು ನೀ ಹಾಡು, ನಾ ಹೆಣ್ಣುಮಕ್ಕಳ ಕಡೆ ಹೋಗತೀನಿ" ಎಂದು ನಿಜವಾಗಿಯೂ ಎಡಗಡೆಯ ಬೆಂಚಿಗೆ ಹೋಗಿ ನಿಂತು, ಎಪ್ಪತ್ತು ಸಮೀಪಿಸಿದ ಗಂಟಲನ್ನು ಸಣ್ಣ ಮಾಡಿ ಹಾಡಿದರು. ನಾನು ನಗು ತಡೆಯಲು ಹಾಡಿನ ಪುಸ್ತಕದಿಂದ ಮುಖ ಮುಚ್ಚಿಕೊಂಡೆ. ಹಬ್ಬ ಮುಗಿದಾಗಿನಿಂದ ನಾನು ನಕ್ಕದ್ದು ಅದೇ ಮೊದಲು.

ಮುಂದಿನ ಮೇಜಿಗೆ ಮರಳಿ ಬೈಬಲ್ಲಿನ ಪಾಠ ಓದಿದರು. ಊರಿನ ಒಂದೊಂದು ಮನೆಯ ಹೆಸರು ಹಿಡಿದು, ಬಾರದವರಿಗೆಲ್ಲ ಪ್ರಾರ್ಥಿಸಿದರು. ಟೇಲರ್ ಚಾಚಾನ ಬೆನ್ನುನೋವನ್ನೂ ಬಿಡಲಿಲ್ಲ. ಆಮೇಲೆ, "ಒಬ್ಬರಿಗೊಬ್ಬರು ಸಮಾಧಾನ ಹೇಳೋಣ" ಎಂದರು. ಆರಾಧನೆಯ ನಡುವೆ ಅಕ್ಕಪಕ್ಕದವರ ಕೈ ಹಿಡಿದು 'ಸಮಾಧಾನ ನಿಮ್ಮೊಂದಿಗಿರಲಿ' ಎಂದು ಹೇಳುವ ಪದ್ಧತಿ ಅದು. ಮಾಮಾ ಮೇಜಿನ ಹಿಂದಿನಿಂದ ಇಳಿದು ಬಂದು ನನ್ನ ಎರಡೂ ಕೈ ಹಿಡಿದರು. ಬಿಡಲಿಲ್ಲ.

"ಉಳಿದದ್ದೆಲ್ಲಾ ಒಬ್ಬನ ಮಾಡಬೌದು ಅಳಿಯಾ," ಎಂದರು ಮೆಲ್ಲಗೆ. "ಎದ್ದೇಳಬೌದು, ಕುಂಡರಬೌದು, ಹೆಣ್ಣುಮಕ್ಕಳ ಚರಣಾನೂ ಹಾಡಬೌದು. ಇದೊಂದು ಆಗೂದಿಲ್ಲ. ಹೋದ ವಾರ ನನ್ನ ಕೈ ನಾನ ಹಿಡಕೊಂಡು ನೋಡಿದೆ. ಸರಿ ಬರಲಿಲ್ಲ."

ನಾನೂ ಅವರ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡೆ.

"ಅಕಿ ಹೋದಮ್ಯಾಲ ನಿನ್ನ ಕೈನೂ ಯಾರೂ ಹಿಡದಿಲ್ಲಲ್ಲ?" ಎಂದರು.

ಇಲ್ಲ ಎಂದು ತಲೆಯಾಡಿಸಿದೆ. ಐವತ್ತೆಂಟು ವರ್ಷದ ಗಂಡಸು, ಮುಂದಿನ ಬೆಂಚಿನ ಮುಂದೆ ನಿಂತು, ಅಷ್ಟು ತಿಂಗಳಿನಿಂದ ಅಳದೇ ಉಳಿದದ್ದನ್ನೆಲ್ಲ ಅತ್ತುಬಿಟ್ಟೆ. ಮಾಮಾ ಗಡಿಯಾರ ನೋಡಲಿಲ್ಲ.

ಆರಾಧನೆ ಮುಗಿದು, ಅವರು ಬಾಗಿಲು ಹಾಕುತ್ತ ಕೇಳಿದರು: "ಏನೋ ಹೇಳಾಕ ಬಂದಿದ್ದೆಲ್ಲಾ, ಹೇಳು."

"ಮುಂದಿನ ಆದಿತ್ಯವಾರ ಬಂದು ಹೇಳ್ತೀನ್ರಿ ಮಾಮಾ" ಎಂದೆ.

ಇವತ್ತಿಗೆ ಏಳು ಭಾನುವಾರ ಹೋಗಿ ಬಂದಿದ್ದೇನೆ. ಇನ್ನೂ ಹೇಳಿಲ್ಲ.