ನಾಲ್ಕು ನಿಂಬೆಹಣ್ಣಿನ ವಿಷನ್ ಪ್ಯಾಕೇಜ್

ಮಿಶಿಗನ್ ರಾಜ್ಯದ ವಿಕ್ಸಮ್ ಊರಿನಲ್ಲಿ ಚೀನಾದ ಎಲೆಕ್ಟ್ರಿಕ್ ಕಾರನ್ನು ಬಿಚ್ಚಬಹುದು, ಓಡಿಸಬಾರದು, ನೋಡಬಹುದು, ಮೆಚ್ಚಬಾರದು. ಇದು ತ್ರೀ ಮೇಪಲ್ಸ್ ಟೇರ್‌ಡೌನ್ ಕಂಪನಿಯ ಕೈಪಿಡಿಯಲ್ಲಿ ಮೊದಲ ಪುಟದಲ್ಲೇ ಇದೆ. ನಿಯಮ 4(ಬಿ) ಇನ್ನೂ ಸ್ಪಷ್ಟ: ಕಾರಿನ ಬಾಗಿಲು ಹಾಕಿದಾಗ ಬರುವ ಮೆತ್ತನೆ ಸದ್ದಿಗೆ ಸಿಬ್ಬಂದಿ "ಆಹಾ" ಎನ್ನತಕ್ಕದ್ದಲ್ಲ. "ಹ್ಮ್" ಎನ್ನಬಹುದು.

ಗದಿಗೆಪ್ಪ ಅಲ್ಲಿ ಹನ್ನೊಂದು ವರ್ಷದಿಂದ "ಹ್ಮ್" ಅನ್ನುತ್ತ ಬಂದ ಇಂಜಿನಿಯರ್. ಚೀನಾದಲ್ಲಿ ಈಗ ಮಾರಾಟವಾಗುವ ಹೊಸ ಕಾರುಗಳಲ್ಲಿ ಅರ್ಧಕ್ಕರ್ಧ ಪ್ಲಗ್ಗಿಗೆ ಸಿಕ್ಕಿಸುವಂಥವು. ಮೆಕ್ಸಿಕೊ, ಬ್ರೆಜಿಲ್, ಥಾಯ್ಲೆಂಡ್ ಎಲ್ಲ ಕಡೆ ಅವೇ ಹಡಗಿನಿಂದ ಇಳಿಯುತ್ತಿವೆ. ಅಮೆರಿಕದ ಹೊಸ್ತಿಲ ಮೇಲೆ ಮಾತ್ರ ನೂರಕ್ಕೆ ನೂರು ಸುಂಕ ಕಾಲು ಚಾಚಿ ಕೂತಿದೆ. ಹೀಗಾಗಿ ಡೆಟ್ರಾಯ್ಟಿನ ದೊಡ್ಡ ಕಾರು ಕಂಪನಿಯೊಂದು ಮೆಕ್ಸಿಕೊದಿಂದ ಒಂದೊಂದೇ ಕಾರು ತರಿಸಿ, ಇಷ್ಟು ಅಗ್ಗ ಹೇಗೆ ಎಂದು ಗದಿಗೆಪ್ಪನ ಕೈಲಿ ಬಿಚ್ಚಿಸಿ ನೋಡುತ್ತಿತ್ತು.

ಏಳು ಕಾರು ಬಿಚ್ಚಿ ಗದಿಗೆಪ್ಪ ಏಳು ವರದಿ ಬರೆದ. ಬ್ಯಾಟರಿ ಅವರೇ ಮಾಡಿಕೊಳ್ಳುತ್ತಾರೆ, ನಾವು ಎಪ್ಪತ್ತು ತುಂಡು ಬೆಸೆಯುವ ಜಾಗದಲ್ಲಿ ಅವರು ಒಂದೇ ಎರಕ ಹೊಯ್ಯುತ್ತಾರೆ, ಇತ್ಯಾದಿ. ಆ ಕಂಪನಿಯ 'ಕಾರಣ ಪರಿಶೀಲನಾ ಸಮಿತಿ' ಏಳನ್ನೂ ಒಂದೇ ಷರಾ ಬರೆದು ಹಿಂತಿರುಗಿಸಿತು: "ಕಾರಣ ಸರಿಯಾಗಿದೆ. ಆದರೆ ಒಪ್ಪಿಕೊಂಡರೆ ನಾವು ಏನಾದರೂ ಮಾಡಬೇಕಾಗುತ್ತದೆ. ದಯವಿಟ್ಟು ಬೇರೆ ಕಾರಣ ಕಳುಹಿಸುವುದು."

ಎಂಟನೇ ಕಾರು ಬಂದ ದಿನ ಮ್ಯಾನೇಜರ್ ಜಯಸಿಂಹ ತನ್ನ ಮೈಸೂರು ಮೃದುತ್ವದಲ್ಲೇ ಅವನನ್ನು ಪಕ್ಕಕ್ಕೆ ಕರೆದ. "ನೋಡಿ ಗದಿಗೆಪ್ಪ, ಅವ್ರಿಗೆ ಕಾರಣ ಬೇಕು, ಬದಲಾವಣೆ ಬೇಡ. ಶುಕ್ರವಾರದೊಳಗೆ ಅಂಥದ್ದೊಂದು ಹುಡುಕ್ಬಿಡಿ. ಇಲ್ದಿದ್ರೆ ನಮ್ಮ ಡಿಪಾರ್ಟ್‌ಮೆಂಟ್ ಕ್ಲೋಸ್ ಮಾಡ್ತಾರಂತೆ."

ಕ್ಲೋಸ್ ಆದರೆ ಗದಿಗೆಪ್ಪನ ವೀಸಾ ಅರವತ್ತು ದಿನ ಉಸಿರು ಹಿಡಿದಿರುತ್ತದೆ, ಅಷ್ಟೆ; ಆಮೇಲೆ ದೇಶ ಬಿಡಬೇಕು. ಮಗಳು ಶಿವಾನಿಗೆ ಹೈಸ್ಕೂಲಿನ ಕೊನೇ ವರ್ಷ; ಆನ್ ಆರ್ಬರ್ ಯೂನಿವರ್ಸಿಟಿಗೆ ಆಗಲೇ ಅಪ್ಲೈ ಮಾಡಿದ್ದಳು. ಊಟಕ್ಕೆ ಕೂತಾಗ ಹೆಂಡತಿ ಶಿವಲಿಂಗಮ್ಮ ಎಲ್ಲ ಕೇಳಿಸಿಕೊಂಡಳು. ದೋಷ ಎಲ್ಲಿದೆ ಎಂಬುದು ಅವಳಿಗೆ ಒಂದೇ ನಿಮಿಷದಲ್ಲಿ ಹೊಳೆಯಿತು.

"ಏಳು ಗಾಡಿ ಬಿಚ್ಚೀರಿ. ಒಂದಕ್ಕರ ಪೂಜಿ ಮಾಡೀರೇನು? ಸ್ಪ್ಯಾನರಿಗೆ ವಿಭೂತಿ ಹಚ್ಚಲಾರದ ಕೆಲಸಕ್ಕ ಕೈ ಹಾಕಿದ್ರ ಕಾರಣ ಎಲ್ಲಿಂದ ಸಿಗತೈತಿ? ನಾಳೆ ಖಂಡೇಪೂಜಿ ಐತಿ, ನಾನ ಬರ್ತೀನಿ."

ಮರುದಿನ ಬುಧವಾರ, ಆಯುಧಪೂಜೆಯ ದಿನ, ಅವಳು ವಿಸಿಟರ್ ಬ್ಯಾಡ್ಜ್ ಹಾಕಿಕೊಂಡು ಬಂದಳು. ಸ್ಪ್ಯಾನರುಗಳಿಗೆ ವಿಭೂತಿ, ಲಿಫ್ಟಿಗೆ ಚೆಂಡುಹೂವು, ಕಾರಿನ ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು. ಕಾರನ್ನು ಅವುಗಳ ಮೇಲೆ ಹಾಯಿಸಲು ಆಗಲಿಲ್ಲ. ಒಂದು ಇಂಚು ಓಡಿಸಲೂ ವಾಷಿಂಗ್ಟನ್ನಿನ ಪರವಾನಗಿ ಬೇಕು, ಅದಕ್ಕೆ ತೊಂಬತ್ತು ದಿನ. ಪೂಜೆಗಿಟ್ಟ ಹಣ್ಣನ್ನು ಕದಲಿಸುವಂತೆಯೂ ಇಲ್ಲ. ಹಣ್ಣುಗಳು ಗಾಲಿಗೆ ತಗುಲಿಕೊಂಡೇ ಉಳಿದವು.

ಗುರುವಾರ ಬಿಡಿಭಾಗಗಳ ಎಣಿಕೆ. ನಿಯಮ 9: ಎಣಿಕೆಯ ವೇಳೆ ವಾಹನಕ್ಕೆ ತಗುಲಿಕೊಂಡಿರುವ ಪ್ರತಿಯೊಂದು ವಸ್ತುವೂ ವಾಹನದ ಭಾಗವೇ. ಗದಿಗೆಪ್ಪ ನಿಯಮಕ್ಕೆ ತಪ್ಪುವವನಲ್ಲ. ಭಾಗದ ಹೆಸರು, ಲೆಮನ್. ಸಂಖ್ಯೆ, ನಾಲ್ಕು. ಉಪಯೋಗ? ಆ ಕಾಲಂ ಖಾಲಿ ಬಿಟ್ಟರೆ ಫಾರ್ಮ್ ಮುಂದೆ ಹೋಗುವುದಿಲ್ಲ. ದೃಷ್ಟಿ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಮಗಳಿಗೆ ಮೆಸೇಜ್ ಮಾಡಿದ. ಅವಳು ಕ್ಲಾಸಿನಿಂದಲೇ ಉತ್ತರಿಸಿದಳು: "ವಿಷನ್, ಅಪ್ಪಾ. ಐ ಆಮ್ ಇನ್ ಕೆಮಿಸ್ಟ್ರಿ." ಹಾಗೆಂದೇ ತುಂಬಿದ.

ಶುಕ್ರವಾರ ಸಮಿತಿ ವರದಿಯ ನಾನೂರು ಪುಟ ದಾಟಿ ಬಂದು ಆ ಸಾಲಿನ ಮೇಲೆ ನಿಂತಿತು. ಅಧ್ಯಕ್ಷರು ಕನ್ನಡಕ ತೆಗೆದರು. ತಮ್ಮ ಕಾರಿನ ಕ್ಯಾಮೆರಾ, ರಾಡಾರ್ ಸೇರಿ ವಿಷನ್ ವ್ಯವಸ್ಥೆಗೆ ಎರಡು ಸಾವಿರ ಡಾಲರ್ ಬೀಳುತ್ತದೆ. ಇದಕ್ಕೆಷ್ಟು ಎಂದು ಕೇಳಿದರು.

"ಡಾಲರಿಗೆ ಐದು," ಎಂದ ಗದಿಗೆಪ್ಪ.

"ವೈರಿಂಗ್?"

"ಇಲ್ಲ ಸರ್."

"ವೈರ್‌ಲೆಸ್," ಎಂದು ಯಾರೋ ಪಿಸುಗುಟ್ಟಿದರು. ಅಧ್ಯಕ್ಷರು ಅಪ್‌ಡೇಟ್ ಎಷ್ಟು ಸಲ ಬೇಕೆಂದು ಕೇಳಿದರು. ವರ್ಷಕ್ಕೊಮ್ಮೆ ಸಾಕು, ಭಯವಿದ್ದವರು ಪ್ರತಿ ಅಮಾವಾಸ್ಯೆಗೆ ಎಂದ.

ಗದಿಗೆಪ್ಪ ಜಯಸಿಂಹನತ್ತ ನೋಡಿದ. ಲೆಮಾಂಟ್ ಊರಿನ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಸ್ವತಃ ಮೂರು ಕಾರು ನಿಂಬೆಹಣ್ಣಿನ ಮೇಲೆ ಹಾಯಿಸಿದ್ದ ಜಯಸಿಂಹ ಸೀಲಿಂಗ್ ನೋಡುತ್ತಿದ್ದ. ಕೊನೆಗೆ ಗದಿಗೆಪ್ಪ ನಿಜ ಹೇಳಿಯೇಬಿಟ್ಟ.

"ಸರ್, ಅದು ಕಾರಿನ ಜೊತೆ ಬಂದಿದ್ದಲ್ಲ. ನನ್ನ ಹೆಂಡತಿ ಇಟ್ಟದ್ದು."

ಅಧ್ಯಕ್ಷರು ಎದ್ದು ನಿಂತು ಅವನ ಕೈ ಕುಲುಕಿದರು. "ಅಂದರೆ ದೇಶೀಯ ಸಪ್ಲೈಯರ್ ಆಗಲೇ ಇದ್ದಾರೆ."

ವಕೀಲರು ಒಂದೇ ಆಕ್ಷೇಪ ಎತ್ತಿದರು. ಈ ದೇಶದಲ್ಲಿ ಕೆಟ್ಟ ಕಾರಿಗೆ ಲೆಮನ್ ಎನ್ನುತ್ತಾರೆ, ಅದಕ್ಕೊಂದು ಕಾನೂನೂ ಇದೆ. ಕಾರ್ಖಾನೆಯೊಳಗೆ ಆ ಪದ ಎತ್ತುವಂತಿಲ್ಲ. ಅಂದೇ ಸುತ್ತೋಲೆ ಹೊರಟಿತು: "ಇನ್ನು ಮುಂದೆ ಸದರಿ ಹಣ್ಣನ್ನು ಸಿಟ್ರಸ್ ಮಾಡ್ಯೂಲ್ ಎಂದು ಕರೆಯತಕ್ಕದ್ದು. ಚಹಾಕ್ಕೆ ಹಿಂಡುವವರಿಗೂ ಇದು ಅನ್ವಯ." ಮೊದಲ ಸಲ ಗಾಲಿ ಹಾಯುತ್ತಲೇ ಮಾಡ್ಯೂಲ್ ಅಪ್ಪಚ್ಚಿಯಾಗುತ್ತದೆ ಎಂದು ಪರೀಕ್ಷಾ ವಿಭಾಗ ದೂರಿತು. ಮಾರಾಟ ವಿಭಾಗ ಅದನ್ನೇ ಓದಿ, ತಿಂಗಳ ಚಂದಾ ಘೋಷಿಸಿತು.

ಕಂಪನಿಯ ಹೊಸ ಕಾರುಗಳ ಜೊತೆ ನಾಲ್ಕು ಮಾಡ್ಯೂಲಿನ ವಿಷನ್ ಪ್ಯಾಕೇಜ್ ಚೆನ್ನಾಗಿ ಮಾರಾಟವಾಯಿತು. ಡಿಪಾರ್ಟ್‌ಮೆಂಟ್ ಉಳಿಯಿತು, ವೀಸಾ ನವೀಕರಣವಾಯಿತು, ಶಿವಾನಿಗೆ ಆನ್ ಆರ್ಬರ್‌ನಲ್ಲಿ ಸೀಟು ಸಿಕ್ಕಿತು. ಶಿವಲಿಂಗಮ್ಮನಿಗೆ ಕಾಯಂ ಬ್ಯಾಡ್ಜ್ ಬಂತು. ಅವಳು ಅದಕ್ಕೂ ಕುಂಕುಮ ಹಚ್ಚಿದಳು.

ಮುಂದಿನ ಬೇಸಿಗೆಯಲ್ಲಿ ಮೆಕ್ಸಿಕೊದಿಂದ ಒಂಬತ್ತನೇ ಕಾರು ಬಂತು. ಚೀನಾದವರೂ ಅಮೆರಿಕದ ಒಂದು ಕಾರು ಕೊಂಡು ಬಿಚ್ಚಿ ನೋಡಿದ್ದರೆಂದು ತೋರುತ್ತದೆ. ಟ್ರಂಕಿನಲ್ಲಿ, ಅಚ್ಚುಕಟ್ಟಾದ ಗೂಡುಗಳಲ್ಲಿ, ಎಂಟು ನಿಂಬೆಹಣ್ಣು. ಕಾರಿನ ಬೆಲೆ ಮೊದಲಿಗಿಂತ ಕಡಿಮೆ. ಸಮಿತಿಯ ಪತ್ರ ಹಿಂದೆಯೇ ಬಂತು: ಈ ದರದಲ್ಲಿ ಎಂಟು ಹೇಗೆ ಸಾಧ್ಯ, ಶುಕ್ರವಾರದೊಳಗೆ ಕಾರಣ ತಿಳಿಸುವುದು.

ಶಿವಲಿಂಗಮ್ಮ ಒಂದನ್ನು ಕೊಯ್ದು ಅಂಗೈಗೆ ಹಿಂಡಿ ನೋಡಿದಳು. "ಖರೇ ಹೇಳ್ತೀನ್ರಿ, ರಸ ನಮ್ಮದಕ್ಕಿಂತ ಜಾಸ್ತಿ ಐತಿ. ಬೀಜನೂ ಇಲ್ಲ."

ಗದಿಗೆಪ್ಪ ಬಾಗಿಲು ಹಾಕಿದ. ಮೆತ್ತನೆ ಸದ್ದಾಯಿತು.

"ಹ್ಮ್," ಎಂದ.