ಗೋಡೆಯ ಮೇಲಿನ ಅವಿಭಾಜ್ಯ

ನನ್ನದು ಅನುಮಾನದ ಬುದ್ಧಿ. ಹಾಲಿಗೆ ನೀರು ಬೆರೆತಿದೆಯೇ ಎಂದು ಬೆರಳದ್ದಿ ನೋಡುತ್ತೇನೆ. ನಮ್ಮದೇ ಹಸುವಿನ ಹಾಲು, ಕರೆದವಳೂ ನಾನೇ ಆಗಿದ್ದರೂ ನೋಡುತ್ತೇನೆ. ಇಂಥವಳನ್ನು ಒಬ್ಬ ಲೆಕ್ಕದ ಮೇಷ್ಟ್ರಿಗೆ ಕಟ್ಟಿದರು. ಅವರು ಹೇಳಿದ್ದೆಲ್ಲ ಸರಿಯಾಗಿಯೇ ಇರುತ್ತಿತ್ತು. ಅದರಿಂದ ನನ್ನ ಅನುಮಾನ ಇನ್ನಷ್ಟು ಬಲಿಯಿತು.

ಯುದ್ಧ ಬಂದು ಕಾಗದಕ್ಕೆ ಬರ ಬಿದ್ದಾಗ ಅವರು ದೇವನಹಳ್ಳಿ ಕೋಟೆಯೊಳಗಿನ ನಮ್ಮ ನಡುಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ೨೧೪೭೪೮೩೬೪೭ ಎಂದು ಬರೆದರು. ಒಂದು ಮತ್ತು ತಾನು, ಇವೆರಡನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಅದು ಪೂರ್ತಿಯಾಗಿ ಭಾಗವಾಗದಂತೆ. ಯಾರೋ ದೊಡ್ಡವರು ಹಿಂದೆಯೇ ಸಾಧಿಸಿದ್ದಾರಂತೆ. ಆದರೂ ಇವರು ತಾವೇ ಭಾಗಿಸಿ ನೋಡಬೇಕು. ಕೆಳಗೆ ಒಂದೊಂದೇ ಭಾಜಕ, ಪಕ್ಕದಲ್ಲಿ ಉಳಿಕೆ. ಮೈದುನ ರಾಮಣ್ಣ, "ಅತ್ಗೆ, ಅಣ್ಣ ಜಪಾನಿನೋರಿಗೆ ಏನಾದ್ರೂ ಗುಟ್ಟು ಕಳಿಸ್ತಿದಾನಾ?" ಎಂದು ಪಿಸುಗುಟ್ಟಿದ. ನನಗಿದ್ದದ್ದು ಕುದುರೆ ಜೂಜಿನ ಅನುಮಾನ.

"ನಲವತ್ತಾರು ಸಾವಿರ ಚಿಲ್ಲರೆವರೆಗೆ ನೋಡಿದ್ರೆ ಸಾಕು ಕಣೇ," ಎಂದರು ಒಮ್ಮೆ.

ಇನ್ನೂರು ಕೋಟಿ ದಾಟಿದ ಸಂಖ್ಯೆಗೆ ಇಷ್ಟೇ ಸಾಕೇ? "ಸೋಮಾರಿತನಕ್ಕೂ ಒಂದು ಶಾಸ್ತ್ರ!" ಎಂದೆ.

"ಭಾಜಕಗಳು ಜೋಡಿಯಾಗೇ ಬರೋದು. ನಾವಿಬ್ರೂ ಮದುವೆಮನೆಗೆ ಹೋಗಲ್ವಾ, ಹಾಗೆ. ದೊಡ್ಡವನ ಜೊತೆ ಚಿಕ್ಕವಳು ಇರ್ಲೇಬೇಕು. ಚಿಕ್ಕವರು ಒಬ್ರೂ ಬಂದಿಲ್ಲ ಅಂದ್ಮೇಲೆ ದೊಡ್ಡವರನ್ನ ಹುಡುಕೋದ್ಯಾಕೆ?"

ಉದಾಹರಣೆ ಚೆನ್ನಾಗಿತ್ತು. ಮೂರು ಸಾವಿರ ಮುಟ್ಟುವ ಮೊದಲೇ ದೊಡ್ಡವರು ಒಬ್ಬರೇ ಹೊರಟುಹೋದರು.

ವರ್ಷದ ತಿಥಿ ಹತ್ತಿರವಾದಾಗ ರಾಮಣ್ಣ ಸುಣ್ಣದ ಮಡಕೆ ಹಿಡಿದು ಬಂದ. "ಸುಣ್ಣ ಹೊಡೀದೆ ತಿಥಿ ಮಾಡೋಕಾಗುತ್ತಾ ಅತ್ಗೆ?"

"ಲೆಕ್ಕ ಸರಿಯಾಗಿದ್ಯೋ ಇಲ್ವೋ ನೋಡ್ಬಿಡ್ತೀನಿ, ತಾಳಪ್ಪಾ," ಎಂದೆ. ಅವರ ಕೈಬರಹ ಮನೆಯಲ್ಲಿ ಉಳಿದಿದ್ದದ್ದು ಆ ಗೋಡೆಯ ಮೇಲೆ ಮಾತ್ರ. ಅದನ್ನು ಅವನಿಗೆ ಹೇಳಲಿಲ್ಲ.

ಸ್ಲೇಟು ತೆಗೆದುಕೊಂಡೆ. ಮಗ್ಗಿಗಳಲ್ಲಿ ಹತ್ತೊಂಬತ್ತರ ಮೇಲೆ ನನಗೆ ಹಳೆಯ ಅನುಮಾನ. ಶಾಲೆಯಲ್ಲಿ ಏಟು ಕೊಡಿಸಿದ್ದು ಅದೇ. ಅಲ್ಲಿಂದಲೇ ಶುರುಮಾಡಿದೆ. ಭಾಗಿಸುತ್ತ ಹೋದೆ. ಕೊನೆಯಲ್ಲಿ ಏನೂ ಉಳಿಯಲಿಲ್ಲ! ಸೊನ್ನೆ!

"ರೀ, ಸಿಕ್ಕಿಬಿದ್ರಿ!" ಎಂದು ಅವರು ಕೂರುತ್ತಿದ್ದ ಜಗುಲಿಯ ಕಡೆ ತಿರುಗಿ ಕೂಗಿಯೇಬಿಟ್ಟೆ. ಅಲ್ಲಿ ರಾಮಣ್ಣ ಸುಣ್ಣ ಕಲಸುತ್ತಿದ್ದ.

ಗೋಡೆಯಲ್ಲಿ ಹತ್ತೊಂಬತ್ತರ ಪಕ್ಕ ಅವರು ಉಳಿಕೆ ಎರಡು ಎಂದು ಬರೆದಿದ್ದರು. ಹತ್ತಿರ ಹೋಗಿ ನೋಡಿದೆ. ಸಾವಿರದ ಸ್ಥಾನದಲ್ಲಿ ನಾನು ೬ ಎಂದು ಓದಿದ್ದ ಅಂಕಿಯ ಬಾಲ ಇದ್ದಿಲಿಗಿಂತ ನುಣುಪಾಗಿತ್ತು. ಮುಟ್ಟಿದರೆ ಬೆರಳಿಗೆ ಅಂಟಿತು, ಹರಳೆಣ್ಣೆಯ ವಾಸನೆ. ಕಾಡಿಗೆ! ಕಣ್ಣಿಗೆ ಹಚ್ಚಿ ಉಳಿದದ್ದನ್ನು ಗೋಡೆಗೆ ಒರೆಸುವುದು ನನ್ನ ಚಾಳಿ. ಅದಕ್ಕಾಗಿ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಇದು ಅವರು ಹಾಸಿಗೆ ಹಿಡಿದ ಮೇಲಿನದಿರಬೇಕು. ಇಲ್ಲದಿದ್ದರೆ ಅವರೇ ಅಳಿಸುತ್ತಿದ್ದರು. ಆಮೇಲೆ ನಾನು ಕಾಡಿಗೆ ಹಚ್ಚಿಲ್ಲ. ೩ ಎಂದಿಟ್ಟುಕೊಂಡು ಮತ್ತೆ ಭಾಗಿಸಿದೆ. ಉಳಿಕೆ ಎರಡು.

"ಎಲ್ಲೀವರೆಗೆ ಬಂತು ಅತ್ಗೆ?"

"ಹತ್ತೊಂಬತ್ತು. ಇನ್ನು ನಲವತ್ತಾರು ಸಾವಿರದವರೆಗೆ ಹೋಗ್ಬೇಕು."

ರಾಮಣ್ಣ ನನ್ನ ಮುಖ ನೋಡಿದ. ಬರಹವಿದ್ದಷ್ಟು ಜಾಗ ಬಿಟ್ಟು ಉಳಿದ ಗೋಡೆಗೆಲ್ಲ ಸುಣ್ಣ ಹೊಡೆದ.

ಬಾಲವನ್ನು ನಾನು ಅಳಿಸಲಿಲ್ಲ. ಲೋಕದಲ್ಲೆಲ್ಲೂ ಭಾಗವಾಗದ ಅವರ ಸಂಖ್ಯೆ ನಮ್ಮ ನಡುಮನೆಯಲ್ಲಿ ಮಾತ್ರ ಹತ್ತೊಂಬತ್ತರಿಂದ ಸಲೀಸಾಗಿ ಭಾಗವಾಗುತ್ತದೆ. ಅವರಿದ್ದಿದ್ದರೆ, ತಪ್ಪು ಎಲ್ಲಿದೆ ಎಂದು ಗೋಡೆಯಲ್ಲಿ ಹುಡುಕುತ್ತಿರಲಿಲ್ಲ. ಮೊದಲು ನನ್ನ ಬೆರಳು ನೋಡುತ್ತಿದ್ದರು.